ಸೊನ್ನೆಗಿಂತ ಮೂವತ್ತೆರಡು ಕಡಿಮೆ

ನಾಲ್ಕು ವರ್ಷದ ಹಿಂದಿನ ಮಳೆಗಾಲ. ಮೈಸೂರಿನ ನಮ್ಮ ಮನೆಯ ಹಾಲ್‌ನಲ್ಲಿ ಅಪ್ಪ ಟೀವಿ ಮುಂದೆ ಕೂತಿದ್ದರು. ರಿಮೋಟ್ ಒತ್ತಿದರು. ಪರದೆಯ ಮೂಲೆಯಲ್ಲಿ -32.0 ಡಿಬಿ ಅಂತ ಮೂಡಿತು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಒತ್ತಿ ನೋಡಿದರು.

"ಏನಮ್ಮ ಇದು? ನಿನ್ನೆವರೆಗೂ 48 ಅಂತ ತೋರಿಸ್ತಿತ್ತು. ಇವತ್ತು ಮೈನಸ್ 32 ಅಂತಿದೆ. ಸದ್ದು ಮಾತ್ರ ಅಷ್ಟೇ ಇದೆ."

"ನಾನೇ ಸೆಟಪ್‌ನಲ್ಲಿ ಬದಲಾಯಿಸಿದೆ ಅಪ್ಪ. ಅದು ಡೆಸಿಬೆಲ್ ಲೆಕ್ಕ."

ಒಂದು ಗಳಿಗೆ ಸುಮ್ಮನಿದ್ದರು. "ಹಾಗಾದ್ರೆ ಹಳೇ ಲೆಕ್ಕದ 80 ಇದರಲ್ಲಿ ಸೊನ್ನೆ. ಅದು ಸರಿ. ಆದ್ರೆ ಆ ಸೊನ್ನೆ ಎಲ್ಲಿಂದ ಬಂತು? ಯಾವುದಕ್ಕೆ ಹೋಲಿಸಿ ಮೈನಸ್ಸು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮದು ಡೆನಾನ್ ರಿಸೀವರ್, ಟೀವಿಯ ಸದ್ದನ್ನು ಸುತ್ತಲಿನ ಸ್ಪೀಕರ್‌ಗಳಿಗೆ ಹಂಚುವ ಯಂತ್ರ. ಪೆಟ್ಟಿಗೆಯಿಂದ ತೆಗೆದಾಗ ವಾಲ್ಯೂಮನ್ನು 0ಯಿಂದ 98ರವರೆಗೆ ತೋರಿಸುತ್ತದೆ. ಬೇಕಾದರೆ -79.5 ಡಿಬಿಯಿಂದ +18 ಡಿಬಿ ಅನ್ನುವ ಇನ್ನೊಂದು ಅಳತೆಗೆ ಬದಲಾಯಿಸಬಹುದು. ಆಡಿಯೋ ಹುಚ್ಚಿರುವವರೆಲ್ಲ ಎರಡನೆಯದನ್ನೇ ಇಟ್ಟುಕೊಳ್ಳುತ್ತಾರೆ ಅಂತ ಕೇಳಿದ್ದೆ, ಬದಲಾಯಿಸಿದ್ದೆ. ಅದು ಯಾಕೆ ಅಂತ ಯೋಚಿಸಿರಲಿಲ್ಲ. ಅಪ್ಪ ಕೇಳಿದ ಮೇಲೆ ಯೋಚಿಸದೆ ಇರಲು ಆಗಲಿಲ್ಲ.

ಅವರು ಹಾಗೆ ಕೇಳುವುದಕ್ಕೆ ಕಾರಣ ಇದೆ. ಅಪ್ಪ ಮೂವತ್ತು ಚಿಲ್ಲರೆ ವರ್ಷ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ದುಡಿದವರು. ಕೆಲಸಕ್ಕೆ ಸೇರಿದಾಗ ಅದು ಪಿ ಅಂಡ್ ಟಿ (ಅಂಚೆ ಮತ್ತು ತಂತಿ ಇಲಾಖೆ), ನಿವೃತ್ತಿಯ ಹೊತ್ತಿಗೆ ಬಿಎಸ್‌ಎನ್‌ಎಲ್. 'ಡಿಬಿ' ಅನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ, ಅದೂ ಊಟಕ್ಕೆ ಕೂತಾಗ. "ಆ ಲೈನಲ್ಲಿ ಲಾಸ್ ತುಂಬ ಜಾಸ್ತಿ, ಹತ್ತು ಡಿಬಿ ದಾಟಿದೆ" ಅನ್ನುತ್ತಿದ್ದರು. ಅಮ್ಮ ಹುಳಿ ಬಡಿಸುತ್ತಾ ಹೂಂ ಅನ್ನುತ್ತಿದ್ದಳು.

ಅವತ್ತು ರಾತ್ರಿ ಟೀವಿ ಆರಿಸಿ, ಹಳೇ ಲಕೋಟೆಯ ಹಿಂಬದಿಯಲ್ಲಿ ಬರೆದು ತೋರಿಸಿದರು.

"ನಮ್ಮಲ್ಲಿ ಸೊನ್ನೆ ಅಂದ್ರೆ ಒಂದು ಮಿಲಿವ್ಯಾಟ್. ಈ ತುದೀಲಿ ಒಂದು ಮಿಲಿವ್ಯಾಟ್ ಟೋನ್ ಕೊಡೋದು. ಆ ತುದೀಲಿ ಎಷ್ಟು ಬಂತು ಅಂತ ಮೀಟರ್ ಇಟ್ಟು ನೋಡೋದು. ಅರ್ಧ ಬಂತು ಅನ್ನು, ಮೈನಸ್ ಮೂರು. ಹತ್ತರಲ್ಲಿ ಒಂದು ಪಾಲು ಬಂತು, ಮೈನಸ್ ಹತ್ತು. ನೂರರಲ್ಲಿ ಒಂದು ಪಾಲು, ಮೈನಸ್ ಇಪ್ಪತ್ತು. ಸಾವಿರದಲ್ಲಿ ಒಂದು, ಮೈನಸ್ ಮೂವತ್ತು."

"ಇಷ್ಟು ತಿರುಚಿ ಯಾಕೆ ಬರೀಬೇಕು? ಸಾವಿರದಲ್ಲಿ ಒಂದು ಅಂತಲೇ ಹೇಳಬಹುದಲ್ವಾ?"

"ಕೂಡೋಕೆ ಸುಲಭ ಕಣಮ್ಮ. ಎಕ್ಸ್‌ಚೇಂಜಿಂದ ಕ್ಯಾಬಿನೆಟ್‌ಗೆ ನಾಲ್ಕು ಹೋಯ್ತು. ಕ್ಯಾಬಿನೆಟ್‌ನಿಂದ ಕಂಬದ ಮೇಲಿನ ಡಿಪಿ ಪೆಟ್ಟಿಗೆಗೆ ಎರಡು. ಡಿಪಿಯಿಂದ ಮನೆಗೆ ಅರ್ಧ. ಒಟ್ಟು ಆರೂವರೆ. ಬಿಸಿಲಲ್ಲಿ ಕಂಬದ ಪಕ್ಕ ನಿಂತು ಗುಣಾಕಾರ ಮಾಡ್ತಾ ಕೂರೋಕಾಗುತ್ತಾ?"

ಡೆಸಿಬೆಲ್ಲಿನ ತವರುಮನೆ ಟೆಲಿಫೋನ್ ಅಂತ ನನಗೆ ತಿಳಿದದ್ದು ಆಮೇಲೆ ಓದಿದಾಗ. ಅಮೆರಿಕದ ಬೆಲ್ ಕಂಪನಿಯ ಎಂಜಿನಿಯರುಗಳು ಮೊದಲು ಸದ್ದಿನ ನಷ್ಟವನ್ನು ಕೇಬಲ್ಲಿನ ಮೈಲಿಯಲ್ಲಿ ಅಳೆಯುತ್ತಿದ್ದರು. ಒಂದು ಗೊತ್ತಾದ ದಪ್ಪದ ತಂತಿಯಲ್ಲಿ ಒಂದು ಮೈಲಿ ಹೋದರೆ ಎಷ್ಟು ಕ್ಷೀಣಿಸುತ್ತದೋ ಅಷ್ಟು. ಆ ಒಂದು ಮೈಲಿಯ ನಷ್ಟ ಹೆಚ್ಚುಕಡಿಮೆ ಮನುಷ್ಯನ ಕಿವಿ ಗುರುತಿಸಬಲ್ಲ ಅತಿ ಸಣ್ಣ ವ್ಯತ್ಯಾಸದಷ್ಟೇ ಇತ್ತು. 1924ರಲ್ಲಿ ಅದನ್ನು ಬಿಟ್ಟು, ಅದರ ಆಸುಪಾಸಿನಲ್ಲೇ ಇರುವ, ತಂತಿಯ ಹಂಗಿಲ್ಲದ ಒಂದು ಹೊಸ ಅಳತೆ ತಂದರು. 1928ರಲ್ಲಿ ಅದಕ್ಕೆ ಡೆಸಿಬೆಲ್ ಅಂತ ಹೆಸರಿಟ್ಟರು. ಅಲೆಕ್ಸಾಂಡರ್ ಗ್ರಹಾಂ ಬೆಲ್ ನೆನಪಿಗೆ ಒಂದು 'ಬೆಲ್'. ಅದರ ಹತ್ತನೇ ಒಂದು ಪಾಲು ಡೆಸಿಬೆಲ್.

ಬೆಲ್ ಬಗ್ಗೆ ಓದುವಾಗ ಒಂದು ಸಂಗತಿ ಮನಸ್ಸಿನಲ್ಲಿ ಕೂತುಬಿಟ್ಟಿತು. ಆತನ ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಹೆಂಡತಿ ಮೇಬಲ್‌ಗೆ ಐದನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಪೂರ್ತಿ ಹೋಗಿತ್ತು. ಸದ್ದಿನ ಅಳತೆಗೆ ಇರುವುದು ಅಂಥ ಮನೆಯವನ ಹೆಸರು. ಆಗ ಅದನ್ನು ಓದಿ ಮುಂದೆ ಹೋದೆ. ಆಮೇಲೆ ತುಂಬ ಸಲ ನೆನಪಾಗಿದೆ.

ಅಪ್ಪನ ಪ್ರಶ್ನೆಗೆ ವಾಪಸ್ ಬರುತ್ತೇನೆ. ರಿಸೀವರ್‌ನ ಸೊನ್ನೆ ಯಾವುದು?

ಮೊದಲು ಅದು ಯಾವುದು ಅಲ್ಲ ಅಂತ ಹೇಳಿಬಿಡಬೇಕು, ಯಾಕೆಂದರೆ ಬಹಳ ಜನ ಇಲ್ಲೇ ಎಡವುತ್ತಾರೆ. ಅದು ಸದ್ದೇ ಇಲ್ಲದ ಸ್ಥಿತಿಯಲ್ಲ. ಯಂತ್ರದ ಪೂರ್ತಿ ಶಕ್ತಿಯೂ ಅಲ್ಲ, ಸೊನ್ನೆ ದಾಟಿ +18ರವರೆಗೂ ಒತ್ತಲು ಜಾಗ ಇದೆಯಲ್ಲ. -32 ಅಂದರೆ ಕೋಣೆಯಲ್ಲಿ 32 ಡೆಸಿಬೆಲ್ ಸದ್ದಿದೆ ಅಂತಲೂ ಅಲ್ಲ.

ಸೊನ್ನೆ ಅನ್ನುವುದು ಸಿನಿಮಾ ತಯಾರಾದ ಜಾಗದ ಗುರುತು. ಚಿತ್ರದ ಶಬ್ದವನ್ನು ಹದ ಮಾಡುವ ದೊಡ್ಡ ಥಿಯೇಟರಿನಂಥ ಕೋಣೆಯಲ್ಲಿ ಒಂದು ಒಪ್ಪಂದ ಇರುತ್ತದೆ. ಡಿಜಿಟಲ್ ಗರಿಷ್ಠ ಮಟ್ಟಕ್ಕಿಂತ 20 ಡಿಬಿ ಕೆಳಗಿರುವ ಏರಿಳಿತವಿಲ್ಲದ ಒಂದು ಜುಯ್ ಅನ್ನುವ ಸದ್ದನ್ನು ಹಾಕಿದರೆ, ಕೂತವರ ಕಿವಿಯ ಹತ್ತಿರ ಪರದೆಯ ಹಿಂದಿನ ಒಂದೊಂದು ಸ್ಪೀಕರ್‌ನಿಂದಲೂ 85 ಡೆಸಿಬೆಲ್ ಬರಬೇಕು. ಅದರ ಮೇಲೆ ಇನ್ನೂ 20 ಡಿಬಿ ಜಾಗ ಉಳಿದಿರುತ್ತದೆ. ಗುಡುಗು, ಸ್ಫೋಟ ಎಲ್ಲ 105ರವರೆಗೆ ಏರಬಹುದು. ಬಾಸ್‌ಗೇ, ಅಂದರೆ ತಗ್ಗು ಸ್ವರಗಳಿಗೇ, ಮೀಸಲಾದ ಚಾನೆಲ್ 115ರವರೆಗೆ. ಇದನ್ನು ರೆಫರೆನ್ಸ್ ಲೆವೆಲ್ ಅನ್ನುತ್ತಾರೆ. ನಿಮ್ಮ ರಿಸೀವರನ್ನು ಮೈಕ್ ಇಟ್ಟು ಸರಿಯಾಗಿ ಹೊಂದಿಸಿದ್ದರೆ, ವಾಲ್ಯೂಮ್ 0ಯಲ್ಲಿ ನಿಮ್ಮ ಸೋಫಾದ ಮೇಲೆ ಆ ಕೋಣೆಯಲ್ಲಿ ಕೇಳಿದಷ್ಟೇ ಸದ್ದು ಬರುತ್ತದೆ. -32 ಅಂದರೆ ಅದಕ್ಕಿಂತ 32 ಡಿಬಿ ಕಡಿಮೆ.

ಇದನ್ನು ನಾನು ಅಪ್ಪನಿಗೆ ಹೇಳಿದಾಗ ಅವರು ತಕ್ಷಣ ಅಂದರು: "ಕೆಆರ್‌ಎಸ್ ಇದ್ದ ಹಾಗೆ."

ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೇ ವಿವರಣೆ ಬೇಕಿಲ್ಲ. ಮಳೆಗಾಲ ಬಂತೆಂದರೆ ಮೈಸೂರು, ಮಂಡ್ಯದವರು ಪೇಪರ್‌ನಲ್ಲಿ ಮೊದಲು ನೋಡುವುದು ಕಟ್ಟೆಯ ನೀರಿನ ಮಟ್ಟ. ಪೂರ್ತಿ ಮಟ್ಟ 124.80 ಅಡಿ. ತಳದಿಂದ ಎಷ್ಟು ಅಡಿ ಇದೆ ಅನ್ನುವುದಕ್ಕಿಂತ "ತುಂಬೋಕೆ ಇನ್ನೆಷ್ಟು ಅಡಿ ಬಾಕಿ" ಅಂತಲೇ ನಾವು ಮಾತಾಡುವುದು. ವಾಲ್ಯೂಮ್‌ನ ಮೈನಸ್ ಕೂಡ ಅದೇ. ಆ ಸೊನ್ನೆಯ ಗುರುತು ಮುಟ್ಟಲು ಎಷ್ಟು ಬಾಕಿ ಅನ್ನುವ ಲೆಕ್ಕ. ಇನ್ನೂ ಒಂದು ಹೋಲಿಕೆ ಇದೆ. ತಳದ ಹತ್ತಡಿಯಲ್ಲಿರುವ ನೀರೇ ಬೇರೆ, ಮೇಲಿನ ಹತ್ತಡಿಯಲ್ಲಿರುವ ನೀರೇ ಬೇರೆ. ಮೇಲೆ ಹೋದಷ್ಟೂ ಜಲಾಶಯ ಅಗಲವಾಗುತ್ತದೆ. ಅದೇ ಒಂದು ಅಡಿಗೆ ಜಾಸ್ತಿ ಟಿಎಂಸಿ ಹಿಡಿಯುತ್ತದೆ. ಡೆಸಿಬೆಲ್‌ನಲ್ಲಿ ಆ ಅಗಲವಾಗುವಿಕೆ ಇನ್ನೂ ಜೋರು. -40ರಿಂದ -30ಕ್ಕೆ ಹೋಗಲು ಶಕ್ತಿ ಹತ್ತು ಪಟ್ಟು ಬೇಕು. -30ರಿಂದ -20ಕ್ಕೆ ಮತ್ತೆ ಹತ್ತು ಪಟ್ಟು. ನಮ್ಮ -32ರಲ್ಲಿ ಸ್ಪೀಕರ್‌ಗಳಿಗೆ ಹೋಗುತ್ತಿದ್ದದ್ದು 0ಯಲ್ಲಿ ಹೋಗಬೇಕಾದ ಶಕ್ತಿಯ ಸುಮಾರು 1600ರಲ್ಲಿ ಒಂದು ಪಾಲು.

ಇಷ್ಟು ಕಡಿಮೆ ಇದ್ದರೂ ಆರಾಮಾಗಿ ಕೇಳುತ್ತಿತ್ತಲ್ಲ? ಅದು ಕಿವಿಯ ಗುಣ. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣ ಸದ್ದಿಗೂ, ಕಿವಿ ನೋಯಿಸುವ 120 ಡೆಸಿಬೆಲ್ ಸದ್ದಿಗೂ ಶಕ್ತಿಯಲ್ಲಿ ಒಂದು ಲಕ್ಷ ಕೋಟಿ ಪಟ್ಟು ಅಂತರ. ಅಷ್ಟನ್ನೂ ಕಿವಿ ಒಂದೇ ಮಡಿಲಲ್ಲಿ ಹಿಡಿಯುತ್ತದೆ. ಅದಕ್ಕೇ ಹತ್ತು ಪಟ್ಟು ಶಕ್ತಿ ಕೊಟ್ಟರೆ ಅದಕ್ಕೆ ಅನ್ನಿಸುವುದು ಸುಮಾರು ಎರಡು ಪಟ್ಟು ಜೋರು ಅಂತ ಮಾತ್ರ. ಈ ಎರಡು ಸಾಲು ಗೊತ್ತಿದ್ದರೆ ಸಾಕು: 10 ಡಿಬಿ ಏರಿಸಿದರೆ ಸದ್ದು ಎರಡರಷ್ಟು ಅನ್ನಿಸುತ್ತದೆ, 1 ಡಿಬಿ ಏರಿಸಿದರೆ ಗೊತ್ತಾದರೂ ಆಗಬಹುದು, ಆಗದೆಯೂ ಇರಬಹುದು.

ಇದು ಗೊತ್ತಿದ್ದರೆ ಅಂಗಡಿಯಲ್ಲಿ ದುಡ್ಡೂ ಉಳಿಯುತ್ತದೆ. ನಾನು ರಿಸೀವರ್ ಕೊಳ್ಳಲು ಹೋದಾಗ ಅಂಗಡಿಯವರು ಇನ್ನೊಂದು ಮಾದರಿ ತೋರಿಸಿ, "ಇದು ಡಬಲ್ ಪವರ್ ಮೇಡಂ, ಡಬಲ್ ಸೌಂಡ್" ಅಂದಿದ್ದರು. ಬೆಲೆಯಂತೂ ಡಬಲ್ ಇತ್ತು. 50 ವ್ಯಾಟ್ ಇದ್ದದ್ದು 100 ವ್ಯಾಟ್ ಆದರೆ ಸಿಗುವುದು 3 ಡಿಬಿ. ಒಂದು ಒತ್ತಿಗೆ ಅರ್ಧ ಡಿಬಿಯ ಲೆಕ್ಕದಲ್ಲಿ ರಿಮೋಟನ್ನು ಆರು ಸಲ ಒತ್ತಿದಷ್ಟು. ಅದಕ್ಕಿಂತ ಸ್ಪೀಕರ್‌ನ ಸೆನ್ಸಿಟಿವಿಟಿ ಎಷ್ಟಿದೆ ನೋಡುವುದು ಮೇಲು. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 85 ಡೆಸಿಬೆಲ್ ಕೊಡುವ ಸ್ಪೀಕರ್ ಇದೆ, 91 ಕೊಡುವುದೂ ಇದೆ. ಆ 6 ಡಿಬಿ ಅಂದರೆ ಆಂಪ್ಲಿಫೈಯರ್‌ನ ಶಕ್ತಿ ನಾಲ್ಕು ಪಟ್ಟು ಆದ ಲೆಕ್ಕ.

ನಮ್ಮ ಸ್ಪೀಕರ್ 88ರದ್ದು. ಬಯಲಿನಲ್ಲಾದರೆ ಮೂರು ಮೀಟರ್ ದೂರಕ್ಕೆ ಅದು 78, 79ಕ್ಕೆ ಇಳಿಯುತ್ತದೆ. ಕೋಣೆಯ ಗೋಡೆಗಳು ಒಂದಿಷ್ಟು ವಾಪಸ್ ಕೊಡುತ್ತವೆ. -32ರಲ್ಲಿ, ಬಾಸ್ ಚಾನೆಲ್ ಬಿಟ್ಟರೆ, ಒಂದೊಂದು ಸ್ಪೀಕರ್‌ನ ಅತಿ ಜೋರು ಸದ್ದೂ 73 ದಾಟುವುದಿಲ್ಲ. ಅಂದರೆ ನಮ್ಮ ಮನೆಯ ಒಂದೊಂದು ಸ್ಪೀಕರೂ ಆಗ ಒಂದು ವ್ಯಾಟ್‌ಗಿಂತ ಕಡಿಮೆಯಲ್ಲೇ ಹಾಡುತ್ತಿತ್ತು. ಅದೇ ಜಾಗದಲ್ಲಿ 105 ಬೇಕು ಅಂದರೆ ನೂರಾರು ವ್ಯಾಟ್ ಬೇಕಾಗುತ್ತದೆ. ಸೊನ್ನೆಯವರೆಗೆ ಒತ್ತಬಹುದು ಅಂದ ಮಾತ್ರಕ್ಕೆ ಯಂತ್ರ ಅಷ್ಟನ್ನು ಒಡೆಯದೆ ಕೊಡುತ್ತದೆ ಅಂತಲ್ಲ. ಸೆಟಪ್‌ನಲ್ಲಿ ವಾಲ್ಯೂಮ್ ಮಿತಿ ಅಂತ ಒಂದಿದೆ, -20, -10, 0 ಅಂತ. ಮಕ್ಕಳಿರುವ ಮನೆಯಲ್ಲಿ ಅದನ್ನು ಹಾಕಿಬಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮೈಕ್ ಇಟ್ಟು ಹೊಂದಿಸುವುದು ಅಂದೆನಲ್ಲ, ಅದು ಮುಖ್ಯ. ಅದಿಲ್ಲದಿದ್ದರೆ ಮೇಲಿನ ಮಾತೆಲ್ಲ ಗಾಳಿಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಒಂದು ಪುಟ್ಟ ಮೈಕ್ ಕೊಟ್ಟಿರುತ್ತಾರೆ. ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಅದನ್ನಿಟ್ಟು, ಫ್ಯಾನ್ ಆರಿಸಿ, ಎಲ್ಲರೂ ಸುಮ್ಮನಿರಬೇಕು. ಒಂದೊಂದು ಸ್ಪೀಕರ್‌ನಿಂದಲೂ ಜುಯ್ ಅನ್ನುವ ಸದ್ದು ಬರುತ್ತದೆ. ಯಾವ ಸ್ಪೀಕರ್ ಎಷ್ಟು ಜೋರು, ಎಷ್ಟು ದೂರ ಅಂತ ಯಂತ್ರ ಅಳೆದುಕೊಂಡು ಒಂದಕ್ಕೆ -2.5, ಇನ್ನೊಂದಕ್ಕೆ +1 ಅಂತ ತಿದ್ದುಪಡಿ ಬರೆದುಕೊಳ್ಳುತ್ತದೆ. ಬೇರೆ ಮೀಟರ್ ಇಟ್ಟು ಕೈಯಲ್ಲೇ ಹೊಂದಿಸುವವರು 75 ಡೆಸಿಬೆಲ್ ಬರುವ ಹಾಗೆ ಮಾಡುತ್ತಾರೆ. 85 ಇದ್ದದ್ದು 75 ಹೇಗಾಯಿತು ಅಂತ ನನಗೆ ಬಹಳ ದಿನ ಗೊಂದಲ ಇತ್ತು. ರಿಸೀವರ್‌ನ ಟೆಸ್ಟ್ ಟೋನ್ 10 ಡಿಬಿ ಕೆಳಗೆ, -30ರಲ್ಲಿ ರೆಕಾರ್ಡ್ ಆಗಿರುತ್ತದೆ. ಮನೆಯವರ ಕಿವಿ ಉಳಿಯಲಿ ಅಂತ. ಲೆಕ್ಕ ಒಂದೇ.

ಇನ್ನೊಂದು ಪ್ರಶ್ನೆ ಅಮ್ಮನದು. "ಸಿನಿಮಾ ನೋಡುವಾಗ ಸರಿಯಾಗೇ ಇತ್ತು. ಮುಗಿದ ಮೇಲೆ ಹಾಡು ಹಾಕಿದ್ರೆ ಯಾಕಿಷ್ಟು ಜೋರು? ನಾನೇನೂ ಒತ್ತಲಿಲ್ಲವಲ್ಲ." ಅವಳು ಹೇಳಿದ್ದು ನಿಜ. ಸಂಖ್ಯೆ ಅದೇ ಇತ್ತು, ಒಳಗೆ ಬರುವ ಸಾಮಾನು ಬೇರೆ. ಸಿನಿಮಾದಲ್ಲಿ ಸ್ಫೋಟಕ್ಕೆ ಜಾಗ ಬಿಡಬೇಕು ಅಂತ ಮಾತನ್ನು ಬಹಳ ಕೆಳಗೆ ಇಟ್ಟಿರುತ್ತಾರೆ. ಡಿಜಿಟಲ್ ಗರಿಷ್ಠದಿಂದ ಕೆಳಕ್ಕೆ ಎಣಿಸಿದರೆ, ನೆಟ್‌ಫ್ಲಿಕ್ಸ್ ಕೇಳುವುದು ಮಾತಿನ ಸರಾಸರಿ -27ರಲ್ಲಿರಲಿ ಅಂತ. ಸ್ಪಾಟಿಫೈ ಹಾಡುಗಳನ್ನು -14ರ ಮಟ್ಟಕ್ಕೆ ತಂದು ನುಡಿಸುತ್ತದೆ. ಹದಿಮೂರು ಡಿಬಿ ಅಂತರ. ಎರಡು ಪಟ್ಟಿಗಿಂತ ಜಾಸ್ತಿ. ಹಾಗಾಗಿ ವಾಲ್ಯೂಮ್ ಸಂಖ್ಯೆಯ ಅರ್ಥ ಸಿನಿಮಾದ ಮಟ್ಟಿಗೆ ಮಾತ್ರ ಗಟ್ಟಿ. ಹಾಡಿಗೆ, ಟೀವಿ ಧಾರಾವಾಹಿಗೆ ಅದೇ ಸೊನ್ನೆ ಹೊಂದುವುದಿಲ್ಲ.

ಅಪ್ಪನಿಗೆ ಇದೆಲ್ಲ ಎಷ್ಟು ಹಿಡಿಸಿತು ಅಂದರೆ ಒಂದು ಉದ್ದ ನೋಟ್‌ಬುಕ್ ಶುರು ಮಾಡಿದರು. ಎಕ್ಸ್‌ಚೇಂಜ್‌ನ ಅಭ್ಯಾಸ. ಅಲ್ಲಿ ಪ್ರತಿ ರೀಡಿಂಗನ್ನೂ ರಿಜಿಸ್ಟರ್‌ನಲ್ಲಿ ಬರೆಯಬೇಕಿತ್ತು. ಇಲ್ಲೂ ಹಾಗೇ ಗೆರೆ ಹಾಕಿದರು. ತಾರೀಖು, ಏನು ನೋಡಿದ್ದು, ವಾಲ್ಯೂಮ್, ಷರಾ. 'ಮಾತು ಸ್ಪಷ್ಟ.' 'ಹಿನ್ನೆಲೆ ಸಂಗೀತ ಜಾಸ್ತಿ.' 'ಕ್ರಿಕೆಟ್, -35 ಸಾಕು.' ಭಾನುವಾರ ಮಧ್ಯಾಹ್ನ ನಾವಿಬ್ಬರೂ ಕೂತು ಒಂದು ಹಳೇ ಚಿತ್ರ ನೋಡುವುದು, ಆಮೇಲೆ ಅವರು ಬರೆಯುವುದು. ನಾನು ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುತ್ತಿದ್ದೆ. ಆ ಎರಡು ಗಂಟೆಗೆ ಕಾಯುತ್ತಿದ್ದೆ.

ಹೋದ ವರ್ಷ ದಸರಾ ಹೊತ್ತಿಗೆ ಮನೆಯಲ್ಲಿ ಸಣ್ಣಪುಟ್ಟ ಕಿರಿಕಿರಿ ಶುರುವಾಯಿತು. ಅಮ್ಮ ಅಡುಗೆಮನೆಯಿಂದ ಕೂಗುವಳು: "ಸ್ವಲ್ಪ ಕಮ್ಮಿ ಮಾಡ್ರಿ!" ಅಪ್ಪ ಅನ್ನುವರು: "ಇಷ್ಟು ಇಟ್ಟರೂ ಏನು ಹೇಳ್ತಾರೋ ಗೊತ್ತಾಗ್ತಿಲ್ಲ. ಈಗಿನವರು ನುಂಗಿ ನುಂಗಿ ಮಾತಾಡ್ತಾರೆ." ನಾನು ಅಪ್ಪನ ಪಕ್ಷ ವಹಿಸಿದೆ. ಈಗಿನ ಚಿತ್ರಗಳ ಮಾತು ನಿಜವಾಗಿಯೂ ಅಸ್ಪಷ್ಟ ಅಂತ ವಾದಿಸಿದೆ. ಕೆಳಗಿನ ಮನೆಯವರಿಗೆ ಪುಟ್ಟ ಮಗು ಇತ್ತು. ಬಾಸ್ ಸದ್ದು ಮೋಲ್ಡ್ ದಾಟಿ ಕೆಳಗೆ ಹೋಗುತ್ತದೆ. ಒಂದು ಸಂಜೆ ಅವರು ಬಂದು ಬಹಳ ಮರ್ಯಾದೆಯಿಂದ ಹೇಳಿ ಹೋದರು.

ಅವತ್ತು ರಾತ್ರಿ ಸುಮ್ನೆ ನೋಟ್‌ಬುಕ್ ತಿರುವುತ್ತಿದ್ದೆ. ಮೊದಲ ಪುಟದಲ್ಲಿ -32. ಒಂದು ವರ್ಷದ ಮೇಲೆ -30.5, -30. ಅದರ ಮುಂದಿನ ವರ್ಷ -28, -27.5. ಅದೇ ಚಿತ್ರಗಳನ್ನು ಎರಡನೇ ಸಲ ನೋಡಿದ್ದೆವು, ಅದೇ ಡಿಸ್ಕ್. ಮೊದಲ ಸಲ -32ರಲ್ಲಿ 'ಮಾತು ಸ್ಪಷ್ಟ'. ಎರಡನೇ ಸಲ -24ರಲ್ಲಿ 'ಮಾತು ಸ್ವಲ್ಪ ಮಂಕು'. ಕೊನೆಯ ಪುಟಗಳಲ್ಲಿ -22.

ಚಿತ್ರ ಬದಲಾಗಿರಲಿಲ್ಲ. ಯಂತ್ರ, ಸ್ಪೀಕರ್, ಸೋಫಾದ ಜಾಗ ಯಾವುದೂ ಬದಲಾಗಿರಲಿಲ್ಲ. ಬದಲಾಗಿದ್ದದ್ದು ಅಪ್ಪ.

ಹತ್ತು ಡಿಬಿ. ನನ್ನ ಕಿವಿಗೆ ಎರಡು ಪಟ್ಟು ಜೋರು. ಪಕ್ಕದಲ್ಲೇ ಕೂತಿದ್ದ ನನಗೆ ಅದು ಯಾಕೆ ಗೊತ್ತಾಗಲಿಲ್ಲ? ಯಾಕೆಂದರೆ ಏರಿದ್ದು ಅರ್ಧ ಅರ್ಧ ಡಿಬಿ. ಅರ್ಧ ಡಿಬಿ ಸಾಮಾನ್ಯವಾಗಿ ಯಾರಿಗೂ ಗೊತ್ತಾಗುವುದಿಲ್ಲ. ಆ ಹೊತ್ತಿಗೆ ನನಗೆ ಆದ ಸಂಕಟವನ್ನು ಹೇಳುವುದು ಕಷ್ಟ. ಮೂರು ವರ್ಷದಿಂದ ಅವರ ಕೈಬರಹದಲ್ಲೇ ಅದು ಬರೆದಿಟ್ಟಿತ್ತು. ನಾನು ಬರೀ ಚಿತ್ರದ ಬಗ್ಗೆ ಮಾತಾಡುತ್ತಾ ಕೂತಿದ್ದೆ.

ಬೆಳಗ್ಗೆ ಕಾಫಿ ಕುಡಿಯುವಾಗ ನೋಟ್‌ಬುಕ್ ಅವರ ಮುಂದಿಟ್ಟೆ. ಏನೂ ಹೇಳಲಿಲ್ಲ. ಅವರು ಪುಟ ತಿರುವಿದರು. ಲೈನ್ ಲಾಸ್ ಓದಿ ಬೆಳೆದ ಕಣ್ಣು. ಎರಡು ನಿಮಿಷದಲ್ಲಿ ಅರ್ಥವಾಯಿತು. "ಲಾಸ್ ನನ್ನ ತುದೀಲಿದೆ" ಅಂದರು.

ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೈಸೂರಿನವರಿಗೆ ಅದು ಸ್ಪೀಚ್ ಅಂಡ್ ಹಿಯರಿಂಗ್. ಅಲ್ಲಿಗೆ ಹೋದೆವು. ಸದ್ದು ಒಳಗೆ ಬಾರದ ಕೋಣೆಯಲ್ಲಿ ಅಪ್ಪನನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದು ಸ್ವರ ಕೇಳಿಸಿದರು. ಕೇಳಿದಾಗ ಬೆರಳೆತ್ತಬೇಕು. ಗಾಜಿನ ಈಚೆ ನಾನು ಕೂತಿದ್ದೆ. ಅವರ ಮುಖದಲ್ಲಿ ಶಾಲೆಯ ಹುಡುಗನ ಶ್ರದ್ಧೆ. ಬೆರಳು ಎಷ್ಟೋ ಹೊತ್ತು ಏಳದೆ ಇದ್ದಾಗ, ನನಗೆ ಎದ್ದು ಹೋಗಿ ಎತ್ತಿಬಿಡೋಣ ಅನ್ನಿಸಿತು.

ಆಮೇಲೆ ಕೈಗೆ ಬಂದ ಹಾಳೆಯ ಹೆಸರು ಆಡಿಯೋಗ್ರಾಂ. ಅಡ್ಡಕ್ಕೆ ಸ್ವರ ಎಷ್ಟು ತಗ್ಗು, ಎಷ್ಟು ಏರು ಅನ್ನುವ ಅಳತೆ, 250 ಹರ್ಟ್ಜ್‌ನಿಂದ 8000 ಹರ್ಟ್ಜ್. ಉದ್ದಕ್ಕೆ ಡೆಸಿಬೆಲ್. ಬಲ ಕಿವಿಗೆ ಕೆಂಪು ಸೊನ್ನೆ, ಎಡ ಕಿವಿಗೆ ನೀಲಿ ಇಂಟು ಗುರುತು. ಅಪ್ಪ ಮೊದಲು ನೋಡಿದ್ದು ಸೊನ್ನೆ ಎಲ್ಲಿದೆ ಅಂತ. ಅದು ಹಾಳೆಯ ಮೇಲುಗಡೆ ಇತ್ತು. ಕೆಳಗೆ ಹೋದಷ್ಟೂ ಸಂಖ್ಯೆ ದೊಡ್ಡದು.

"ಇದರ ಸೊನ್ನೆ ಯಾವುದಕ್ಕಮ್ಮ?" ಅಂತ ಪರೀಕ್ಷೆ ಮಾಡಿದ ಹುಡುಗಿಯನ್ನು ಕೇಳಿದರು.

"ಕಿವಿ ಚೆನ್ನಾಗಿರೋ ಹರೆಯದವರಿಗೆ ಸಾಮಾನ್ಯವಾಗಿ ಎಷ್ಟು ಸಣ್ಣ ಸದ್ದು ಕೇಳುತ್ತೋ ಅದು ಸೊನ್ನೆ ಸಾರ್. ನಿಮಗೆ ಅದಕ್ಕಿಂತ ಎಷ್ಟು ಜಾಸ್ತಿ ಕೊಡಬೇಕು ಅನ್ನೋದು ಈ ಗೆರೆ."

ಗೆರೆ ಎಡಗಡೆ, ತಗ್ಗು ಸ್ವರಗಳಲ್ಲಿ, 25ರ ಹತ್ತಿರ ಇತ್ತು. 2000 ದಾಟಿದ ಮೇಲೆ ಇಳಿಜಾರು. 4000ಕ್ಕೆ ಬಂದಾಗ 60. ವಯಸ್ಸಾದಾಗ ಸಾಮಾನ್ಯವಾಗಿ ಹೀಗೇ ಆಗುತ್ತದಂತೆ, ಮೇಲಿನ ಸ್ವರಗಳೇ ಮೊದಲು ಹೋಗುತ್ತವೆ. ಆ ಹುಡುಗಿ ಬಹಳ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಮಾತಿನಲ್ಲಿ ಆ, ಓ, ಊ ಥರದ ಸ್ವರಾಕ್ಷರಗಳ ಬಲ ಇರುವುದು ತಗ್ಗಿನಲ್ಲಿ. ಸ, ಶ, ತ, ಕ ಇಂಥವನ್ನು ಬೇರೆ ಬೇರೆ ಅಂತ ಗುರುತಿಸುವುದು ಮೇಲಿನ ಭಾಗದಿಂದ. ಹಾಲು, ಸಾಲು, ಕಾಲು. ಅಪ್ಪನಿಗೆ ಇವೆಲ್ಲದರಲ್ಲೂ 'ಆಲು' ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಮೊದಲ ಅಕ್ಷರವನ್ನು ಅವರು ಸಂದರ್ಭ ನೋಡಿ ಊಹಿಸಿಕೊಳ್ಳುತ್ತಿದ್ದರು. ಎಷ್ಟು ದಿನದಿಂದಲೋ.

"ಟೆಲಿಫೋನಲ್ಲೂ ಇದೇ ಕತೆ" ಅಂದರು ಅಪ್ಪ. ಹಳೇ ಟೆಲಿಫೋನ್ ಲೈನ್ 300ರಿಂದ 3400 ಹರ್ಟ್ಜ್‌ವರೆಗೆ ಮಾತ್ರ ಸಾಗಿಸುತ್ತಿತ್ತು. ಅದಕ್ಕೇ ಫೋನಿನಲ್ಲಿ ಹೆಸರು ಹೇಳುವಾಗ ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಿತ್ತು. "ಈಗ ನಾನೇ ಟ್ರಂಕ್ ಕಾಲ್ ಲೈನ್ ಆಗಿದೀನಿ" ಅಂದಾಗ ಅವರ ದನಿ ಸ್ವಲ್ಪ ನಡುಗಿತು. ನಾನು ಅವರ ಕೈ ಹಿಡಿದುಕೊಂಡೆ.

ಆ ಹಾಳೆ ನೋಡಿದ ಮೇಲೆ ನಮ್ಮ ಹಾಲ್‌ನಲ್ಲಿ ನಡೆಯುತ್ತಿದ್ದದ್ದು ಅರ್ಥವಾಯಿತು. ವಾಲ್ಯೂಮ್ ಏರಿಸಿದರೆ ಎಲ್ಲ ಸ್ವರಗಳೂ ಒಟ್ಟಿಗೆ ಏರುತ್ತವೆ. ಅಪ್ಪನಿಗೆ ಮೊದಲೇ ಕೇಳುತ್ತಿದ್ದ ಬಾಸ್ ಇನ್ನೂ ಜೋರಾಗುತ್ತದೆ. ಬೇಕಾದ 'ಸ', 'ತ' ಇನ್ನೂ ಹೊಸ್ತಿಲ ಹೊರಗೇ ಉಳಿಯುತ್ತವೆ. "ಜೋರಾಗಿದೆ, ಆದರೆ ಗೊತ್ತಾಗ್ತಿಲ್ಲ" ಅನ್ನುವ ಅವರ ಮಾತು ಅಕ್ಷರಶಃ ಸರಿಯಾಗಿತ್ತು. ಇನ್ನೊಂದು ವಿಷಯವೂ ಇದೆ. ಇಂಥ ಕಿವಿಗೆ ಸಣ್ಣ ಸದ್ದು ಕೇಳುವುದಿಲ್ಲ, ಆದರೆ ದೊಡ್ಡ ಸದ್ದು ಎಲ್ಲರ ಹಾಗೇ ನೋಯಿಸುತ್ತದೆ. ನಡುವಿನ ಜಾಗ ಕಿರಿದಾಗಿರುತ್ತದೆ. ಮೆಲ್ಲಗೆ ಕರೆದರೆ "ಆಂ?" ಅನ್ನುತ್ತಾರೆ, ಜೋರಾಗಿ ಹೇಳಿದರೆ "ಯಾಕೆ ಕಿರುಚ್ತೀಯ?" ಅನ್ನುತ್ತಾರೆ. ಇದಕ್ಕೆ ಎಷ್ಟು ಮನೆಗಳಲ್ಲಿ ವಯಸ್ಸಾದವರ ಮೇಲೆ ಸಿಡುಕುತ್ತೇವೆ. ಅದು ಹಟ ಅಲ್ಲ. ಕಿವಿಯ ಒಳಗಿನ ಲೆಕ್ಕ.

ಮನೆಗೆ ಬಂದು ರಿಸೀವರ್‌ನಲ್ಲಿ ಮೂರು ಬದಲಾವಣೆ ಮಾಡಿದೆ. ಸಿನಿಮಾದ ಮಾತು ಬಹುಪಾಲು ಬರುವುದು ನಡುವಿನ ಸ್ಪೀಕರ್‌ನಿಂದ. ಅದೊಂದನ್ನೇ 4 ಡಿಬಿ ಏರಿಸಿದೆ. ಬಾಸ್ ನುಡಿಸುವ ಸಬ್‌ವೂಫರನ್ನು 5 ಡಿಬಿ ಇಳಿಸಿದೆ. ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣ ಸದ್ದನ್ನು ಎತ್ತುವ ಡೈನಮಿಕ್ ವಾಲ್ಯೂಮ್ ಅಂತ ಒಂದು ಅನುಕೂಲ ಇದೆ, ಅದನ್ನು ಮಧ್ಯದ ಮಟ್ಟಕ್ಕೆ ಹಾಕಿದೆ. ಆಡಿಯೋ ಶುದ್ಧತೆಯ ಬಗ್ಗೆ ಮಾತಾಡುವವರು ಇದನ್ನು ಒಪ್ಪುವುದಿಲ್ಲ. ಚಿತ್ರ ಮಾಡಿದವರ ಉದ್ದೇಶ ಕೆಡುತ್ತದೆ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ. ಈಗ ನನಗೆ ಅಪ್ಪನಿಗೆ ಕತೆ ಅರ್ಥವಾಗುವುದು ಮುಖ್ಯ. ಚಿತ್ರ ಮಾಡಿದವರ ಉದ್ದೇಶವೂ ಅದೇ ಇರಬೇಕು.

ಕಿವಿ ಮಿಷನ್‌ಗೆ ಅವರು ಒಪ್ಪಲು ಇನ್ನೂ ಎರಡು ತಿಂಗಳು ಹಿಡಿಯಿತು. "ಇಷ್ಟು ವಯಸ್ಸಿಗೆ ಯಾಕೆ" ಅಂದರು. "ಜನ ಏನಂತಾರೆ" ಅಂದರು. ನಾನು ಒತ್ತಾಯ ಮಾಡಲಿಲ್ಲ. ಕೊನೆಗೆ ಒಪ್ಪಿದ್ದು ಲೆಕ್ಕದ ಕಾರಣಕ್ಕೆ. ಮಿಷನ್ ಎಲ್ಲವನ್ನೂ ಒಂದೇ ಸಮ ಏರಿಸುವುದಿಲ್ಲ, ಆಡಿಯೋಗ್ರಾಂ ನೋಡಿ ಎಲ್ಲಿ ಎಷ್ಟು ಕಮ್ಮಿಯೋ ಅಲ್ಲಿಗೆ ತಕ್ಕಂತೆ ಜಾಸ್ತಿ ಕೊಡುತ್ತದೆ ಅಂತ ಕೇಳಿದಾಗ ಅವರಿಗೆ ಆಸಕ್ತಿ ಬಂತು. "ಲೈನಿಗೆ ಈಕ್ವಲೈಸರ್ ಹಾಕಿದ ಹಾಗೆ" ಅಂದರು. ಮೊದಲ ವಾರ ಬಹಳ ಕಷ್ಟಪಟ್ಟರು. ಪೇಪರ್ ಮಡಚಿದರೆ ಸದ್ದು, ಸ್ಟೀಲ್ ಲೋಟ ಇಟ್ಟರೆ ಸದ್ದು. ಆಡಿಯಾಲಜಿಸ್ಟ್ ಹತ್ತಿರ ಮೂರು ಸಲ ಹೋಗಿ ಹದ ಮಾಡಿಸಿಕೊಂಡು ಬಂದರು. ಪ್ರತಿ ಸಲವೂ ಏನು ಬದಲಾಯಿಸಿದರು ಅಂತ ನೋಟ್‌ಬುಕ್‌ನಲ್ಲಿ ಬರೆದರು.

ಈಗ ನಾನೂ ನನ್ನ ರೀಡಿಂಗ್ ಬರೆದಿಡುತ್ತೇನೆ. ನನ್ನ ಸಂಖ್ಯೆ ಮೇಲೆ ಹೋಗುತ್ತಿದೆಯಾ ಅಂತ ಆರು ತಿಂಗಳಿಗೊಮ್ಮೆ ನೋಡುತ್ತೇನೆ. ಹೆಡ್‌ಫೋನ್ ಬಗ್ಗೆಯೂ ಎಚ್ಚರ ಬಂದಿದೆ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್, ಅದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಅದರ ಮೇಲೆ 3 ಡಿಬಿ ಏರಿದರೆ ಸಮಯ ಅರ್ಧವಾಗುತ್ತದೆ. ಅದೇ ಮೂರು, ಅದೇ ಅರ್ಧ. ಲಕೋಟೆಯ ಹಿಂಬದಿಯಲ್ಲಿ ಅಪ್ಪ ಬರೆದದ್ದೇ.

ಹೋದ ಭಾನುವಾರ ಸಂಜೆ ಹಾಕಿದ ಚಿತ್ರ ಸ್ವಲ್ಪ ಉದ್ದ ಇತ್ತು. ರಾತ್ರಿ ಹತ್ತಾಗುತ್ತಾ ಬಂದಿತ್ತು. ವಾಲ್ಯೂಮ್ -29ರಲ್ಲಿತ್ತು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ಇದೆ ಅಂತ ನಾನು ಒಮ್ಮೆ ಹೇಳಿದ್ದು ಅಪ್ಪನಿಗೆ ನೆನಪಿತ್ತು. ಗಡಿಯಾರ ನೋಡಿ ರಿಮೋಟ್ ನನ್ನ ಕಡೆ ಚಾಚಿದರು.

"ಒಂದು ಮೂರು ಡಿಬಿ ಇಳಿಸಮ್ಮ. ಕೆಳಗಡೆ ಮಗು ಮಲಗಿರುತ್ತೆ."

"ಮಾತು ಕೇಳುತ್ತಾ ಅಪ್ಪ?"

"ಕೇಳುತ್ತೆ, ಇಳಿಸು."